ಸೊನ್ನೆಯ ಮೇಲಿನ ಮುಳ್ಳು

ಟಕ್, ಮತ್ತೆ ಟಕ್, ಗೋಡೆಯೊಳಗೆ ಯಾರೋ ಬೆರಳ ಗೆಣ್ಣಿನಿಂದ ಬಡಿದ ಹಾಗೆ, ಪೈಪಿನಲ್ಲಿ ಗಾಳಿ, ಬರೀ ಗಾಳಿ, ಹೆದರುವಂಥದ್ದಲ್ಲ — ಮಗುವಿನ ಕೈ ಮುಟ್ಟಿದೆ, ತಣ್ಣಗಿದೆ, ಇಪ್ಪತ್ತೆರಡು ದಿನದ್ದು, ತಿಂಗಳು ತುಂಬುವ ಮೊದಲೇ ಹುಟ್ಟಿದ್ದು, ಕೋಣೆ ತಣ್ಣಗಾಗಲು ಬಿಡಬೇಡಿ ಎಂದು ನರ್ಸು ಎರಡು ಸಲ ಹೇಳಿ ಕಳಿಸಿದ್ದಳು, ಅತ್ತೆ ತಲೆ ಕಿವಿ ಮುಚ್ಚುವ ಕುಂಚಿಗಿ ಹಾಕಿದ್ದಾರೆ, ಸಾಲದು, ಪರದೇಶದ ಹೇವರ್ಡಿನ ಈ ಹಳೇ ಬಾಡಿಗೆ ಮನೆಯಲ್ಲಿ ಬಿಸಿನೀರು ಪೈಪಿನಲ್ಲಿ ಸುತ್ತಿದರೆ ಮಾತ್ರ ಬೆಚ್ಚಗೆ, ಗಾಳಿ ಸಿಕ್ಕಿಕೊಂಡರೆ ರೇಡಿಯೇಟರು ಸತ್ತ ಕಬ್ಬಿಣ. ಗಾಳಿ ಬಿಡಲು ರೇಡಿಯೇಟರಿನ ಹಿತ್ತಾಳೆ ಕೀಲಿ ತಿರುಗಿಸುತ್ತೇನೆ, ಉಸ್, ಗಾಳಿ ಹೋದ ಮೇಲೆ ನೀರು ಬರಬೇಕು, ಮೊನ್ನೆ ಒಂದು ಬಟ್ಟಲು ಬಂತು, ಕಪ್ಪಗೆ, ನಿನ್ನೆ ಅರ್ಧ, ಇವತ್ತು ಉಸ್, ಬರೀ ಉಸ್. ಹೋದಷ್ಟು ನೀರು ತಾನೇ ತುಂಬ್ಕೊಳ್ಳುತ್ತೆ ಕಣೇ, ಆಟೋಮ್ಯಾಟಿಕ್ಕು, ಎಂದಿದ್ದ ನವೀನ, ನನ್ನ ಗಂಡ, ಈಗ ಮಿಲ್ಪಿಟಾಸಿನ ಆಫೀಸಿನಲ್ಲಿ ಮೀಟಿಂಗು, ಫೋನು ಎತ್ತುವುದಿಲ್ಲ — ಹಾಗಾದರೆ ಗರಾಜಿನ ಬಾಯ್ಲರಿನ ಮೇಲೆ ಒತ್ತಡದ ಮುಳ್ಳು ಮೊನ್ನೆ ಹನ್ನೆರಡು, ನಿನ್ನೆ ಐದು, ಈ ಬೆಳಿಗ್ಗೆ ಸೊನ್ನೆಯ ಮೇಲೆ ಯಾಕೆ ಮಲಗಿತ್ತು, ಏರು, ಏರು ಎಂದು ಗಾಜು ತಟ್ಟಿ ಬಂದೆನಲ್ಲ.

ರಿಪೇರಿಯ ಒವೈಸ್ ಫೋನಿಗೆ ಸಿಕ್ಕ, ಬೆಂಗಳೂರಿನವನು, ನೀರೇ ಇಲ್ಲ, ಮುಳ್ಳು ಝೀರೋ ಅಂದೆ, ಬಾಗಿಲ ಬಳಿ ಕಮಲವ್ವ ಅತ್ತೆ, ನೀರಿಲ್ಲನ? ಅಯ್ಯ, ಬಾಯ್ಲರಿಗೆ ನೀರ ಹೋಗೂ ಆ ನಳಾ ನಾನ ಬಂದ್ ಮಾಡೀನಿ, ಮೂರು ದಿನಾ ಆತು, ಸುಯ್ ಅಂತ ನೀರ ಹರಿಯೂ ಸಪ್ಪಳಕ್ಕ ನಿದ್ದಿ ಹತ್ತವಲ್ದು, ನಮ್ಮ ಹುಬ್ಬಳ್ಳ್ಯಾಗ ಎಂಟ ದಿನಕ್ಕೊಮ್ಮೆ ನೀರ, ನೀವು ಬೆಂಗಳೂರವ್ರು, ನಿಮಗ ನೀರಿನ ಕಿಮ್ಮತ್ತ ಎಲ್ಲಿ ಗೊತ್ತ — ಅವರು ನಕ್ಕರು, ನಾನು ಕೈ ಅಡ್ಡ ಹಿಡಿದೆ, ತಡೀರಿ ಅತ್ತೆ, ಒಂದ್ನಿಮಿಷ, ಒವೈಸ್ ಏನೋ ಕೂಗುತ್ತಿದ್ದಾನೆ, ಮೇಡಂ, ಕೇಳಿಸ್ಕೊಳ್ಳಿ, ನೀರಿಲ್ದೆ ಉರೀತಿದ್ರೆ ಒಳಗೆ ಕಬ್ಬಿಣ ಕೆಂಪಗೆ ಕಾದಿರುತ್ತೆ, ಫಸ್ಟು ಸ್ವಿಚ್ ಆಫ್ ಮಾಡಿ, ಅದು ಆರೋವರ್ಗೂ ಒಂದು ಹನಿ ತಣ್ಣೀರು ಬಿಡ್ಬೇಡಿ, ಬಿಟ್ರೆ ಸಿಡಿಯುತ್ತೆ, ತಮಾಷೆ ಅಲ್ಲ. ನಳ. ಹಾಗಾದರೆ ಗಾಳಿ ತೆಗೆದು ತೆಗೆದು ಮೂರು ದಿನದಿಂದ ನಾನೇ ಅದನ್ನು ಬರಿದು ಮಾಡಿದ್ದು, ಬಟ್ಟಲು ಬಟ್ಟಲಾಗಿ, ಅತ್ತೆ, ಕೇಳಿದಿರಾ ಎಂದು ತಿರುಗಿದೆ, ಬಾಗಿಲ ಬಳಿ ಯಾರೂ ಇಲ್ಲ, ಚಪ್ಪಲಿ ಸದ್ದು, ಗರಾಜಿನ ಕಡೆ, ಮಗುವನ್ನು ಬಿಟ್ಟು ಓಡಲೋ ಎತ್ತಿಕೊಂಡು ಓಡಲೋ, ಎತ್ತಿಕೊಂಡರೆ ಅಲ್ಲಿಗೇ ಒಯ್ದ ಹಾಗೆ, ಬಿಟ್ಟೆ, ಅತ್ತೆ ಮುಟ್ಬೇಡಿ, ಕೂಗುತ್ತಾ ಗರಾಜಿಗೆ ಓಡಿದೆ, ಅತ್ತೇ, ಬಾಯ್ಲರಿನ ಒಲೆಯ ಮೊರೆತ, ಸುಟ್ಟ ಬಣ್ಣದ ವಾಸನೆ, ನಳದ ಕೆಂಪು ಚಕ್ರದ ಮೇಲೆ ಹಸಿರು ಬಳೆಯ ಎರಡೂ ಕೈ, ತಿರುಗಿ ನಗುತ್ತಾರೆ, ಬಂದ್ವ ನೋಡ, ನೀರ ಬಂದ್ವು — ಸುಯ್ — ನಾನು ನೋಡುವುದು ಅವರನ್ನಲ್ಲ, ಮುಳ್ಳನ್ನು, ಬೆಳಿಗ್ಗೆ ಏರು ಎಂದು ಬೇಡಿಕೊಂಡ ಮುಳ್ಳು, ಸೊನ್ನೆಯ ಮೇಲೆ ಮಲಗಿದ್ದ ಮುಳ್ಳು, ಅಲುಗಿತು, ಏರುತ್ತಿದೆ, ಮುಳ್ಳು