ಲೈಲ್ ಟ್ವೆಟನ್ ಕಟ್ಟಿಸಿದ ಬಂದೂಕು

ಲೈಲ್ ಟ್ವೆಟನ್ ನಮ್ಮ ಅಂಗಡಿಗೆ ಬಂದದ್ದು ಸೆಪ್ಟೆಂಬರಿನ ಎರಡನೇ ವಾರ, ಬೆಳಿಗ್ಗೆ ಬಾಗಿಲು ತೆಗೆಯುತ್ತಿದ್ದ ಹಾಗೆಯೇ. ಕೈಯಲ್ಲೊಂದು ಬ್ರೆಡ್ಡಿನ ಹಳೇ ಚೀಲ. ಅದರೊಳಗಿನ ಎಣ್ಣೆಬಟ್ಟೆಯ ಗಂಟನ್ನು ಗಾಜಿನ ಮೇಜಿನ ಮೇಲಿಟ್ಟು ಬಿಚ್ಚಿದರು. ಬೇಟೆ ಬಂದೂಕೊಂದರ ನಡುಭಾಗ. ನಳಿಗೆಯಿಲ್ಲ, ಹಿಡಿಯಿಲ್ಲ, ತೋಟಾ ಕೂರುವ ಉಕ್ಕಿನ ಒಡಲು ಮತ್ತು ಅದರೊಳಗೆ ಜಾರುವ ಬೋಲ್ಟು, ಅಷ್ಟೇ.

"ಅಣ್ಣಂದು," ಅಂದರು. "ಕಟ್ತೀನಿ ಕಟ್ತೀನಿ ಅಂತಿದ್ದ, ಕಟ್ಲಿಲ್ಲ. ಉಳಿದಿದ್ದನ್ನ ನೀವು ಜೋಡಿಸ್ಕೊಡಿ. ನಾನ್ನೂರು ಡಾಲರ್ ಒಳಗೆ ಆಗ್ಬೇಕು."

ಅಂಗಡಿ ನನ್ನ ಮಾವ ಆರ್ಲೋ ಅವರದು. ಬಂದೂಕಿನ ಕೆಲಸವೆಲ್ಲ ಹಿಂದಿನ ಕೋಣೆಯಲ್ಲಿ ಅವರೇ ಮಾಡುತ್ತಾರೆ. ಮುಂದೆ ಗಿರಾಕಿಗಳನ್ನು ನೋಡಿಕೊಳ್ಳುವವಳು ನಾನು, ಡಾರ್ಲಾ. ಉತ್ತರ ಮೊಂಟಾನಾದ ಗೋಧಿ ಬಯಲಿನ ಈ ಊರಲ್ಲಿ ಹನ್ನೆರಡು ತುಂಬಿದ ಹುಡುಗಿಯರೂ ಜಿಂಕೆ ಹೊಡೆದಿರುತ್ತಾರೆ. ಲೈಲ್ ಮಾತ್ರ ಅರವತ್ತೊಂದು ವರ್ಷವಾದರೂ ಬಂದೂಕು ಮುಟ್ಟಿದವರಲ್ಲ. ಇಪ್ಪತ್ತಾರು ಚಳಿಗಾಲ ರಸ್ತೆಯ ಹಿಮ ತಳ್ಳುವ ಲಾರಿ ಓಡಿಸಿದವರು. ನಾವೆಲ್ಲ ಬೆಳಿಗ್ಗೆ ಕಾಫಿ ಕುಡಿಯುವಷ್ಟರಲ್ಲಿ ಶಾಲೆಯ ದಾರಿ ಬಿಡಿಸಿಟ್ಟು ಹೋಗಿರುತ್ತಿದ್ದರು.

ಹಿಂದಿನ ಜನವರಿಯಲ್ಲಿ ಬಿರುಗಾಳಿಗೆ ಹಿಮವೆದ್ದು ಕಣ್ಣೆದುರಿನ ಕೈಯೂ ಕಾಣದಂತಿದ್ದ ಒಂದು ಬೆಳಿಗ್ಗೆ, ರಸ್ತೆ ಮಧ್ಯೆ ಕೆಟ್ಟು ನಿಂತಿದ್ದ ಒಂದು ಕಾರಿಗೆ ಅವರ ಲಾರಿ ಬಡಿಯಿತು. ಕಾರಿನಲ್ಲಿದ್ದ ಮಿರಿಯಮ್ ಎಂಬ ನರ್ಸ್ ತೀರಿಕೊಂಡಳು. ವಿಚಾರಣೆ ಆಯಿತು, ಲೈಲ್ ಅವರದು ತಪ್ಪಿಲ್ಲ ಎಂದು ಬರೆದುಕೊಟ್ಟರು. ಅದಾದ ಮೇಲೆ ಅವರು ಲಾರಿ ಹತ್ತಲಿಲ್ಲ. ಊರಿನಲ್ಲಿ ಯಾರೂ ಅವರೆದುರು ಅದರ ಬಗ್ಗೆ ಒಂದು ಮಾತು ಆಡಲಿಲ್ಲ. ಆಡದೆ ಇದ್ದದ್ದೇ ಹೆಚ್ಚಾಯಿತೇನೋ ಎಂದು ಈಗ ಅನಿಸುತ್ತದೆ.

ಮೊದಲ ಬಂದೂಕು ಕಟ್ಟಿಸುವವರನ್ನು ನಾನು ಬೇಕಾದಷ್ಟು ನೋಡಿದ್ದೇನೆ. ಕೈಯಲ್ಲಿ ಕಾಸು ಕಡಿಮೆ, ಆಸೆ ಬೆಟ್ಟದಷ್ಟು. ನಳಿಗೆ ಹಳೆಯದಾದರೂ ಸರಿ, ದುರ್ಬೀನು ಮಾತ್ರ ಒಳ್ಳೆಯದಿರಲಿ ಅನ್ನುತ್ತಾರೆ. ಇಲ್ಲ, ದುರ್ಬೀನು ಮುಂದಿನ ವರ್ಷ ನೋಡೋಣ, ಟ್ರಿಗರ್ ಈಗ ಬೇಕು ಅನ್ನುತ್ತಾರೆ. ಹೆಗಲಿಗೇರಿಸುವ ಒಂದು ತೊಗಲಿನ ಪಟ್ಟಿಗಾಗಿ ಅರ್ಧ ಗಂಟೆ ಚೌಕಾಶಿ. ಲೈಲ್ ಏನನ್ನೂ ಕೇಳಲಿಲ್ಲ. ಬೇರೆ ಬಂದೂಕಿನಿಂದ ಬಿಚ್ಚಿದ ನಳಿಗೆಯೊಂದನ್ನು ಪೇಟೆಯಿಂದ ತರಿಸಬಹುದು ಎಂದೆ; "ತರಿಸಿ" ಅಂದರು. ಹಿಡಿ ಪ್ಲಾಸ್ಟಿಕ್ಕಿನದೋ ಮರದ್ದೋ ಅಂದೆ; "ಕಡಿಮೇದು" ಅಂದರು.

"ದುರ್ಬೀನು?"

"ಬೇಡ. ದೂರದ್ದೇನೂ ಹೊಡೆಯೋದಿಲ್ಲ."

"ಏನು ಬೇಟೆಗೆ ಹೋಗ್ತೀರಿ ಲೈಲ್?"

"ಜಿಂಕೆ ಇರ್ಬೇಕು."

"ಇರ್ಬೇಕು ಅಂದ್ರೆ? ಜಿಂಕೇನ ಕೇಳ್ಕೊಂಡು ಬಂದು ಹೇಳ್ತೀರಾ?" ಎಂದು ತಮಾಷೆ ಮಾಡಿದೆ. ಅವರು ನಕ್ಕರು, ತುಟಿ ಮಾತ್ರ ನಕ್ಕಿತು.

ಬೇರೆ ಬೇಟೆಗಾರರ ಕಣ್ಣಿಗೆ ಎದ್ದು ಕಾಣಲೆಂದು ತೊಡುವ ಕಿತ್ತಳೆ ಬಣ್ಣದ ಜಾಕೆಟ್ಟು ತೋರಿಸಿದೆ. ಅದಿಲ್ಲದೆ ನಮ್ಮಲ್ಲಿ ಯಾರೂ ಬೇಟೆಗೆ ಹೆಜ್ಜೆಯಿಡುವಂತಿಲ್ಲ. ಬೇಡ ಅಂದರು. ಬೇಟೆಯ ಪರವಾನಗಿ ಇಲ್ಲೇ ಬರೆದುಕೊಡುತ್ತೇನೆ ಎಂದೆ. ಅದೂ ಬೇಡ.

ಅವರು ಹೋದ ಮೇಲೆ ಗಾಜಿನ ಮೇಜು ಒರೆಸುತ್ತ ನಿಂತೆ. ಒರೆಸಿದ ಕಡೆಯೇ ಒರೆಸುತ್ತಿದ್ದೆ.

ಹಿಂದಿನ ಕೋಣೆಗೆ ಹೋಗಿ ಮಾವನಿಗೆ ಹೇಳಿದೆ. ಅವರು ಕನ್ನಡಕದ ಮೇಲಿಂದ ನೋಡಿದರು.

"ಅವನಿಗೆ ದುರ್ಬೀನು ಬೇಡ್ವಂತೆ. ಅದಕ್ಕೆ ನಿಂಗೆ ಎದೆ ಡವಡವ ಅಂತಿದೆಯಾ?"

"ಜಾಕೆಟ್ ಬೇಡ, ಪರವಾನಗಿ ಬೇಡ. ಮಾವ, ಈ ಮನುಷ್ಯ ಬೇಟೆಗೆ ಹೋಗೋದಿಲ್ಲ."

"ಗಿರಾಕಿ ಮನಸ್ಸಿನೊಳಗೆ ಇಣುಕೋದು ನಮ್ಮ ಕೆಲ್ಸ ಅಲ್ಲ ಡಾರ್ಲಾ. ನೀನು ಹೋಗಿ ಕೇಳಿ, ಅದು ಸುಳ್ಳಾದ್ರೆ? ಈ ಊರಲ್ಲಿ ಅವನು ತಲೆ ಎತ್ತೋದು ಹೇಗೆ?"

ಆ ಮಾತು ನನ್ನನ್ನು ಕಟ್ಟಿಹಾಕಿತು. ಕೇಳಿದರೆ ಅವಮಾನ, ಕೇಳದಿದ್ದರೆ ಏನೋ. ಆ 'ಏನೋ' ಎಂಬುದನ್ನು ಪೂರ್ತಿ ಯೋಚಿಸಲೂ ನನಗೆ ಧೈರ್ಯವಿರಲಿಲ್ಲ. ಹೇಡಿಗಳು ಮಾಡುವುದನ್ನೇ ಮಾಡಿದೆ: ಸುಳ್ಳು ಹೇಳಿದೆ. ನಳಿಗೆ ನಾಲ್ಕೇ ದಿನಕ್ಕೆ ಬಂತು. ಅದನ್ನು ಚಳಿಗಾಲದ ಬೂಟುಗಳ ಡಬ್ಬಿಗಳ ಹಿಂದೆ ಬಚ್ಚಿಟ್ಟು, ಇನ್ನೂ ಬಂದಿಲ್ಲ ಎಂದೆ.

ಲೈಲ್ ಪ್ರತಿ ಮಂಗಳವಾರ ಬರತೊಡಗಿದರು. ಬಂದಿದೆಯಾ? ಇಲ್ಲ. ಸರಿ. ಹಾಗೆಯೇ ಕಳಿಸಿಬಿಡಬಾರದು ಎಂದು ನಾನು ಏನಾದರೊಂದು ಹೊಸ ಆಯ್ಕೆ ಅವರ ಮುಂದಿಡುತ್ತಿದ್ದೆ. ಈ ಟ್ರಿಗರ್ ನೋಡಿ, ಆ ಪಟ್ಟಿ ನೋಡಿ, ಹಳೇ ವಾಲ್‌ನಟ್ ಮರದ ಹಿಡಿಯೊಂದು ಬಂದಿದೆ, ಒಂದು ಕಡೆ ಬಿರುಕಿದೆ, ಅಗ್ಗಕ್ಕೆ ಕೊಡುತ್ತೇನೆ ಎಂದೆ. ಮರದ ಹಿಡಿಯನ್ನು ಅವರು ಬಹಳ ಹೊತ್ತು ಸವರಿದರು.

"ಇದನ್ನ ಅಂಟು ಹಾಕಿ ಬಿಗಿದ್ರೆ ಕೂತ್ಕೊಳ್ಳುತ್ತೆ," ಅಂದರು. "ಮೇಲೆ ಅಗಸೆ ಎಣ್ಣೆ ಹಚ್ಬೇಕು. ಒಂದು ಸಲಕ್ಕೆ ಸಾಲ್ದು, ಆರು ಸಲ."

ಆರು ಸಲ ಎಂದರೆ ಆರು ದಿನ. ನನ್ನ ಜೀವ ಸ್ವಲ್ಪ ಹಗುರವಾಯಿತು. ಅವರು ಅದನ್ನು ಒಯ್ದು, ಮುಂದಿನ ವಾರ ಬಿರುಕಿನ ಗುರುತೂ ಕಾಣದಂತೆ ಮಾಡಿ ತಂದರು. ಸದ್ಯ, ನಾನೇ ತಪ್ಪು ತಿಳಿದೆ ಎಂದುಕೊಂಡು ಕಾಫಿ ಬಗ್ಗಿಸುತ್ತಿದ್ದೆ. ಆಗ ಅವರು ಕೇಳಿದರು:

"ಇದನ್ನ ಆಮೇಲೆ ಮಾರಿದ್ರೆ ತಂಗಿ ಮಗನಿಗೆ ಎಷ್ಟು ಸಿಗಬಹುದು?"

ಕಾಫಿ ಲೋಟದಾಚೆ ಚೆಲ್ಲಿತು. ಆಮೇಲೆ ಎಂದರೆ ಯಾವಾಗ ಎಂದು ಕೇಳಬೇಕಿತ್ತು. ಪದಗಳು ನಾಲಿಗೆ ತುದಿಯಲ್ಲೇ ಇದ್ದವು. ಕೇಳಲಿಲ್ಲ. "ನೋಡಿ ಹೇಳ್ತೀನಿ," ಎಂದೆ. ಆ ವಾರವೆಲ್ಲ ದಾರಿಯಲ್ಲಿ ಆಂಬುಲೆನ್ಸಿನ ಸದ್ದು ಕೇಳಿದರೆ ಸಾಕು, ಅದು ಯಾವ ಕಡೆ ಹೋಗುತ್ತಿದೆ ಎಂದು ನೋಡಲು ಬಾಗಿಲಿಗೆ ಓಡುತ್ತಿದ್ದೆ.

ಅಕ್ಟೋಬರ್ ಮೊದಲ ವಾರ ನನ್ನ ತಾಯಿಗೆ ಗ್ರೇಟ್ ಫಾಲ್ಸ್‌ನಲ್ಲಿ ಕಣ್ಣಿನ ಆಪರೇಷನ್ ಇತ್ತು. ಎರಡು ದಿನ ಅಲ್ಲೇ ಇದ್ದು ಮೂರನೇ ದಿನ ಮಧ್ಯಾಹ್ನ ವಾಪಸಾದೆ. ಅಂಗಡಿಗೆ ಕಾಲಿಟ್ಟವಳಿಗೆ ಮೊದಲು ಕಂಡದ್ದು ಬೂಟಿನ ಡಬ್ಬಿಗಳು. ಅವು ಜಾಗ ಬದಲಾಗಿದ್ದವು.

"ಯಾರೋ ಬೂಟು ಕೇಳ್ದ್ರು," ಅಂದರು ಮಾವ. "ಹುಡುಕಿದ್ರೆ ಹಿಂದೆ ನಳಿಗೆ. ಬಂದು ಮೂರು ವಾರ ಆಗಿದೆ, ಚೀಟಿ ಹಾಗೇ ಅಂಟ್ಕೊಂಡಿದೆ. ಅಂಗಡೀಲಿ ಕೂತು ಸುಳ್ಳು ಹೇಳೋದು ಯಾವಾಗ ಕಲಿತೆ?"

"ಏನ್ ಮಾಡಿದ್ರಿ?"

"ಜೋಡಿಸಿ ಅವನಿಗೆ ಫೋನ್ ಮಾಡ್ದೆ. ಬೆಳಿಗ್ಗೆ ಬಂದು ತಗೊಂಡು ಹೋದ. ಒಂದು ಡಬ್ಬಿ ತೋಟಾನೂ—" ಎನ್ನುವಷ್ಟರಲ್ಲಿ ನನ್ನ ಮುಖ ನೋಡಿ ಮಾತು ನಿಲ್ಲಿಸಿದರು.

ಫೋನ್ ಮಾಡಿದೆ. ಎತ್ತಲಿಲ್ಲ. ಇನ್ನೊಮ್ಮೆ ಮಾಡಿದೆ.

ಅವರ ಮನೆಗೆ ಎಂಟು ಮೈಲಿ. ಪಿಕಪ್ ಎಷ್ಟು ಜೋರಾಗಿ ಓಡಿಸಿದೆನೋ ತಿಳಿಯದು. ಕೊಯ್ಲಾದ ಗೋಧಿ ಹೊಲಗಳು, ನೇರ ರಸ್ತೆ, ಹಗಲಿನ ಬಿಸಿಲು, ಎಲ್ಲ ಎಂದಿನಂತೆಯೇ ಇದ್ದವು. ಅದೇ ನನ್ನನ್ನು ಹೆಚ್ಚು ಹೆದರಿಸಿತು. ಮೂರು ವಾರ ಅವರು ಎದುರಿಗೇ ನಿಂತಿದ್ದರು, ಒಂದು ಪ್ರಶ್ನೆ ಕೇಳಲಾಗಲಿಲ್ಲ, ಈಗ ಓಡುತ್ತಿದ್ದೀಯಲ್ಲ ಎಂದು ಮನಸ್ಸು ಚುಚ್ಚುತ್ತಿತ್ತು. ದೇವರೇ, ಈ ಸಲ ಬಾಯಿ ಬಿಡುತ್ತೇನೆ, ಅವರು ಕೇಳಿಸಿಕೊಳ್ಳುವ ಹಾಗಿದ್ದರೆ ಸಾಕು ಎಂದು ಬೇಡಿಕೊಂಡೆ.

ಮನೆಯ ಮುಂದೆ ಅವರ ಕಾರು ಇತ್ತು. ಗ್ಯಾರೇಜಿನ ಬಾಗಿಲು ಅರ್ಧ ಮೇಲಕ್ಕೆ ಸರಿದಿತ್ತು. ಕೂಗಿದೆ. ಉತ್ತರವಿಲ್ಲ. ಬಗ್ಗಿ ಒಳಗೆ ಹೋಗಬೇಕಿತ್ತು. ಬಾಗಿಲ ಕಬ್ಬಿಣ ಹಿಡಿದು ಎಷ್ಟೋ ಹೊತ್ತು ನಿಂತೆ. ನಿಜಕ್ಕೂ ನಾಲ್ಕು ಉಸಿರಿನಷ್ಟು ಇದ್ದಿರಬಹುದು. ಆಮೇಲೆ ಬಗ್ಗಿದೆ.

ಲೈಲ್ ಕೆಲಸದ ಮೇಜಿನ ಮುಂದೆ ಸ್ಟೂಲಿನ ಮೇಲೆ ಕೂತಿದ್ದರು. ಬಂದೂಕು ಮೇಜಿನ ಮೇಲೆ ಮಲಗಿತ್ತು. ತೋಟಾದ ಡಬ್ಬಿ ಪಕ್ಕದಲ್ಲಿ, ಇನ್ನೂ ಒಡೆದಿರಲಿಲ್ಲ. ಅವರ ಎರಡು ಕೈಗಳೂ ತೊಡೆಯ ಕೆಳಗಿದ್ದವು, ಯಾರೋ ಕೂತುಕೋ ಎಂದು ಗದರಿಸಿದ ಹಾಗೆ.

"ಡಾರ್ಲಾ," ಅಂದರು. "ಫೋನ್ ಹೊಡ್ಕೊಳ್ತಾ ಇತ್ತು. ಎತ್ತೋಕಾಗ್ಲಿಲ್ಲ."

"ಲೈಲ್, ನೀವು ಸಾಯ್ಬೇಕು ಅಂತಿದೀರಾ?"

ನನ್ನ ಬಾಯಿಂದ ಅಷ್ಟು ನೇರವಾಗಿ ಬಂತು. ಅವರಿಗೆ ಸಿಟ್ಟು ಬರಲಿಲ್ಲ. ಬಹಳ ದಿನದಿಂದ ಹೊತ್ತಿದ್ದ ಮೂಟೆಯ ಒಂದು ತುದಿಯನ್ನು ಯಾರೋ ಹಿಡಿದರೆನ್ನುವಂತೆ ಭುಜ ಇಳಿಬಿದ್ದಿತು.

"ಜನವರಿಯಿಂದ," ಅಂದರು. "ದಿನಾ ಅಲ್ಲ. ಆದ್ರೆ ಹೆಚ್ಚು ದಿನ."

ನಾನು ಅವರ ಮತ್ತು ಮೇಜಿನ ಮಧ್ಯೆ ಹೋಗಿ ನಿಂತೆ.

"ಸಿದ್ಧ ಬಂದೂಕು ನಿಮ್ಮಂಗಡೀಲೇ ಸಿಗುತ್ತೆ," ಅಂದರು. "ನನಗೆ ಗೊತ್ತಿಲ್ವಾ? ಸಹಿ ಹಾಕಿದ್ರೆ ಅವತ್ತೇ ಮನೆಗೆ ತರ್ಬಹುದು. ಅದಕ್ಕೇ ಭಯ ಆಯ್ತು. ಕಟ್ಟಿಸೋದಾದ್ರೆ ದಿನ ಹಿಡಿಯುತ್ತಲ್ಲ. ನಳಿಗೆ ಬಂದಿಲ್ಲ ಅಂತ ನೀನಂದಾಗೆಲ್ಲ, ಸರಿ, ಇನ್ನೊಂದು ವಾರ ಅಂತ ಮನೆಗೆ ಬಂದು ಮಲಗ್ತಿದ್ದೆ. ಇವತ್ತು ಆರ್ಲೋ ಕೈಗೆ ಕೊಟ್ಟುಬಿಟ್ಟ."

"ನೀವು ಬೇಡ ಅನ್ಬಹುದಿತ್ತಲ್ಲ."

"ಏನಂತ ಹೇಳ್ಲಿ? ಕೆಲ್ಸ ಚೆನ್ನಾಗಿ ಮಾಡಿದ್ದಾನೆ."

ನನಗೆ ನಗುವೂ ಅಳುವೂ ಒಟ್ಟಿಗೆ ಬಂತು. ಬೋಲ್ಟು ಕೊಡಿ ಎಂದೆ; ಅದಿಲ್ಲದೆ ಗುಂಡು ಹಾರದು. ನೀನೇ ತಗೋ, ನಾನು ಮುಟ್ಟೋದಿಲ್ಲ ಅಂದರು. ಎಷ್ಟೋ ಸಾವಿರ ಸಲ ಮಾಡಿದ ಕೆಲಸ. ಆದರೂ ಮೂರನೇ ಪ್ರಯತ್ನಕ್ಕೆ ಬೋಲ್ಟು ಈಚೆ ಬಂತು. ಅದನ್ನೂ ತೋಟಾದ ಡಬ್ಬಿಯನ್ನೂ ಪಿಕಪ್ಪಿನಲ್ಲಿಟ್ಟು ಬೀಗ ಹಾಕಿ ಬಂದೆ. ಆಮೇಲೆ ಇಬ್ಬರೂ ಅಡುಗೆಮನೆಯಲ್ಲಿ ಕೂತು, ಇಂಥ ಸಂಕಟದವರ ಮಾತು ಕೇಳಲೆಂದೇ ಇರುವ ನಂಬರಿಗೆ ಫೋನ್ ಮಾಡಿದೆವು. ಲೈಲ್ ಮುಕ್ಕಾಲು ಗಂಟೆ ಮಾತಾಡಿದರು. ಮಿರಿಯಮ್ಮಳ ಹೆಸರು ಅವರ ಬಾಯಲ್ಲಿ ನಾನು ಕೇಳಿದ್ದು ಅದೇ ಮೊದಲು. ಅವಳ ಕಾರಿನ ದೀಪ ಉರಿಯುತ್ತಿತ್ತು, ನಾನು ನೋಡಬೇಕಿತ್ತು ಎಂದು ಮತ್ತೆ ಮತ್ತೆ ಹೇಳಿದರು.

ಅಷ್ಟರಲ್ಲಿ ಮಾವನೂ ಬಂದರು. ನಾನು ಕರೆದಿರಲಿಲ್ಲ. ಟೋಪಿ ಕೈಯಲ್ಲಿ ಹಿಡಿದು ಬಾಗಿಲಲ್ಲೇ ನಿಂತರು. ಎಪ್ಪತ್ಮೂರು ವರ್ಷದ ಮನುಷ್ಯ ಅಷ್ಟು ಹೆದರಿದ್ದನ್ನು ನಾನು ಎಂದೂ ಕಂಡಿರಲಿಲ್ಲ.

"ಲೈಲ್," ಅಂದರು, "ಇವಳು ನಂಗೆ ಹೇಳಿದ್ಲು. ನಾನು ಕಿವಿ ಮೇಲೆ ಹಾಕ್ಕೊಳ್ಲಿಲ್ಲ."

"ಬಾ, ಕೂತ್ಕೋ," ಅಂದರು ಲೈಲ್. "ಕಾಫಿ ಇದೆ."

ಸಂಜೆಗೆ ಅವರ ತಂಗಿ ಸಿಗ್ನಿ ಹ್ಯಾವರ್ ಊರಿಂದ ಬಂದು ಅಣ್ಣನನ್ನು ಕರೆದುಕೊಂಡು ಹೋದಳು. ಬಂದೂಕನ್ನು ಮಾವ ಅಂಗಡಿಗೆ ಒಯ್ದು ಬೀಗ ಹಾಕಿಟ್ಟರು. ಲೈಲ್ ತಂಗಿಯ ಊರಲ್ಲೇ ವೈದ್ಯರನ್ನು ಕಂಡರು. ಹುಷಾರಾದರು ಎಂದು ಒಂದೇ ಮಾತಿನಲ್ಲಿ ಹೇಳುವ ಹಾಗಿಲ್ಲ. ಡಿಸೆಂಬರಿನಲ್ಲಿ ಮತ್ತೆ ಕುಸಿದು ಹತ್ತು ದಿನ ಆಸ್ಪತ್ರೆಯಲ್ಲಿದ್ದರು. ಆ ಹತ್ತು ದಿನ ನಾನು ಫೋನ್ ದಿಂಬಿನ ಪಕ್ಕ ಇಟ್ಟುಕೊಂಡೇ ಮಲಗಿದೆ. ಮಾರ್ಚಿನಲ್ಲಿ ಮಿರಿಯಮ್ಮಳ ಗಂಡ ಅವರಿಗೊಂದು ಕಾಗದ ಬರೆದನಂತೆ. ಅದರಲ್ಲಿ ಏನಿತ್ತೆಂದು ಲೈಲ್ ಯಾರಿಗೂ ಹೇಳಿಲ್ಲ, ನಾನೂ ಕೇಳಿಲ್ಲ.

ಜೂನಿನಲ್ಲಿ ಅವರು ಅಂಗಡಿಗೆ ಬಂದರು. ಬಾಗಿಲಲ್ಲಿ ಅವರ ಆಕಾರ ಕಂಡದ್ದೇ ನಾನು ಕೈಯಲ್ಲಿದ್ದ ಕೆಲಸ ಬಿಟ್ಟು ಎದ್ದು ನಿಂತೆ. ಅವರಿಗೆ ಗೊತ್ತಾಯಿತು, ಎರಡು ಕೈ ಮೇಲೆತ್ತಿ ತೋರಿಸಿದರು.

"ಏನೂ ಬೇಡ ತಾಯಿ. ಅದನ್ನ ಬಿಚ್ಚಿ ಮಾರಿಬಿಡಿ ಅಂತ ಹೇಳೋಕೆ ಬಂದೆ."

ಮಾವ ಬಂದೂಕನ್ನು ಬಿಚ್ಚಿದರು. ಬಿಡಿಭಾಗಗಳೆಲ್ಲ ಬೇಸಗೆ ಮುಗಿಯುವುದರೊಳಗೆ ಒಂದೊಂದಾಗಿ ಹೋದವು. ಲೈಲ್ ಈಗ ಸಿಗ್ನಿಯ ಮನೆ ಹತ್ತಿರವೇ ಇದ್ದಾರೆ. ಬೇಸಗೆಯಲ್ಲಿ ಜಲ್ಲಿ ಲಾರಿ ಓಡಿಸುತ್ತಾರೆ, ಚಳಿಗಾಲದಲ್ಲಿ ಇಲ್ಲ.

ಮಾವನಿಗೆ ಈಗ ಹೊಸದೊಂದು ಚಟ. ಮೊದಲ ಬಂದೂಕು ಕಟ್ಟಿಸಲು ಯಾರು ಬಂದರೂ ಹಿಂದಿನ ಕೋಣೆಯಿಂದ ತಾವೇ ಎದ್ದು ಬಂದು, ಒರಟಾಗಿ, ಜಗಳಕ್ಕೆ ನಿಂತವರಂತೆ ಕೇಳುತ್ತಾರೆ:

"ರಾತ್ರಿ ನಿದ್ದೆ ಸರಿಯಾಗಿ ಬರ್ತಿದೆಯೇನಯ್ಯಾ?"

ಹೆಚ್ಚಿನವರು ನಗುತ್ತಾರೆ. ಮಾವ ನಗುವುದಿಲ್ಲ, ಉತ್ತರ ಬರುವವರೆಗೂ ಅಲ್ಲೇ ನಿಂತಿರುತ್ತಾರೆ.