ಹಲಗೆಯ ಮೇಲಿನ ಪಗಾರ

ತಂಬಿಗೆಯನ್ನು ಗಂಡನ ಬಾಯಿಯ ತನಕ ಒಯ್ದ ತಿಮ್ಮವ್ವ ಹಾಗೆಯೇ ಹಿಂದಕ್ಕೆಳೆದು ನೆಲಕ್ಕೆ ಕುಕ್ಕಿದಳು.

"ಪಾಮನಕಲ್ಲೂರಾಕಿ ಬಂದು ಬಿಡ್ಲಿ ನೀರು. ಪಗಾರ ಉಂಡಾಕಿ ಆಕಿ."

ಗೊರೇಬಾಳದ ಆ ಅಂಗಳದಲ್ಲಿ ಕೂತವರು ಮುಖ ಮುಖ ನೋಡಿಕೊಂಡರು. ಬೆಳಗಿನ ಜಾವ ತೀರಿಕೊಂಡ ದುರುಗಪ್ಪನ ಬಾಯಿ ಇನ್ನೂ ಅರೆತೆರೆದಿತ್ತು, ಹೇಳುವುದೇನೋ ಉಳಿದವನ ಹಾಗೆ.

"ಹೇಣ್ತಿ ನೀರು ಬಿಡದಿದ್ರ ಜೀವ ದಾರ್ಯಾಗ ಕುಂದರ್ತದಂತ ಬೇ," ಎಂದಳು ನೆರೆಮನೆಯ ಬಸವಣ್ಣೆಮ್ಮ.

"ಕುಂದರ್ಲಿ. ಎಂಟು ವರ್ಷ ನಾ ಕುಂತಿಲ್ಲೇನು?"

"ಆಕಿನ್ನ ಕಣ್ಣಿಲೆ ನೋಡೀಯೇನು?"

"ನೋಡೂದ್ಯಾಕ? ಐತ್ವಾರಕ್ಕೊಮ್ಮೆ ಹೋಗ್ತಿದ್ದ. ಸಾಬೂನು ತಿಕ್ಕೊಂಡು ಘಮಘಮ ಅನಕೋತ ಬರ್ತಿದ್ದ."

"ನಾ ಹಬ್ಬಕ್ಕೂ ತಿಕ್ಕಂಗಿಲ್ಲ," ಎಂದು ಮುದುಕ ಕರಿಬಸಯ್ಯ ಗೊಣಗಿದ. ಬಸವಣ್ಣೆಮ್ಮ ಅವನನ್ನು ದುರುಗುಟ್ಟಿ ನೋಡಿ, ಹೆಣದ ಗದ್ದಕ್ಕೆ ಬಟ್ಟೆ ಕಟ್ಟಿದಳು.

*

ಎಂಟು ವರ್ಷದ ಹಿಂದೆ ಕಾಲುವೆ ಕಚೇರಿಯ ಸಂಬಳದ ಹಲಗೆಯನ್ನು ಬರೆದವನು ದುರುಗಪ್ಪನೇ. ಅಲ್ಲಿ ಅವನದು ತೂಬು ಎತ್ತಿ ಇಳಿಸುವ ಕೆಲಸ. ಅಕ್ಷರ ಮಾತ್ರ ಮುತ್ತು. ಯಾರು ಯಾವ ಹುದ್ದೆ, ಎಷ್ಟು ಸಂಬಳ ಎಂಬುದನ್ನು ಜನರಿಗೆ ಕಾಣುವಂತೆ ಬರೆಯಬೇಕೆಂದು ಮೇಲಿನಿಂದ ಹುಕುಂ ಬಂದಿತ್ತು. ಬರೆದು ಮುಗಿಸಿದ ದಿನ ಹೆಂಡತಿ, ಮಗಳನ್ನು ಬೈಕಿನ ಮೇಲೆ ಕರೆದೊಯ್ದು ಅದರ ಮುಂದೆ ನಿಲ್ಲಿಸಿದ.

ಮಗಳು ಅಂಬಿಕಾ ಕೊನೆಯ ಸಾಲನ್ನು ಬೆರಳಿಟ್ಟು ಓದಿದಳು. "ದುರುಗಪ್ಪ, ತೂಬುಗಾರ. ವೇತನ ಶ್ರೇಣಿ ಹದಿನೇಳು ಸಾವಿರದಿಂದ ಇಪ್ಪತ್ತೆಂಟು ಸಾವಿರದ ಒಂಬೈನೂರ ಐವತ್ತು."

"ಅಷ್ಟು ಬರ್ತದೇನು?"

ತಿಮ್ಮವ್ವನ ಮುಖದಲ್ಲಿ ಅಂಥ ಬೆಳಕನ್ನು ದುರುಗಪ್ಪ ಮದುವೆಯಾದಾಗಿನಿಂದ ಕಂಡಿರಲಿಲ್ಲ. ಇಲ್ಲ ಎನ್ನಲು ತೆರೆದ ಬಾಯಿಂದ "ಹೂಂ" ಬಂತು.

ಅಜ್ಜಿಯ ಕತೆಯಲ್ಲಿ ರಾಕ್ಷಸನ ಜೀವ ಗಿಳಿಯಲ್ಲಿರುತ್ತಿತ್ತು. ಅಪ್ಪನದು ಆ ಹಲಗೆಯಲ್ಲಿದೆ ಎಂದು ಅಂಬಿಕಾಳಿಗೆ ಅನಿಸುತ್ತಿತ್ತು. ತಿಂಗಳಿಗೆ ಐದು ಸಾವಿರ ತರುತ್ತಿದ್ದವನು ಏಳು ತರತೊಡಗಿದ. "ಉಳಿದದ್ದು?" ಎಂದರೆ "ಕಟ್ಟಾಗ್ತದ" ಎನ್ನುವನು. ಮೂರನೆಯ ತಿಂಗಳಿಗೆ ತಿಮ್ಮವ್ವ ತಾನೇ ಮನಸ್ಸಿನಲ್ಲಿ ಒಬ್ಬ ಸವತಿಯನ್ನು ಹುಟ್ಟಿಸಿ, ಪಾಮನಕಲ್ಲೂರಿನಲ್ಲಿ ಅವಳಿಗೊಂದು ಮನೆ ಮಾಡಿಕೊಟ್ಟಳು.

*

ಚಟ್ಟ ಕಟ್ಟುವ ಹೊತ್ತಿಗೆ, ಮಧ್ಯಾಹ್ನ, ಕಚೇರಿಯ ನಾಸೀರ್ ಹೂವಿನ ಹಾರ ಹಿಡಿದು ಬಂದ. ಅಂಬಿಕಾ ಅವನನ್ನು ಗೋಡೆಯ ಹತ್ತಿರ ಕರೆದಳು.

"ಅಪ್ಪನ ಜಾಗದಾಗ ನನಗ ನೌಕರಿ ಕೇಳಾಕ ಅರ್ಜಿ ಯಾರಿಗೆ ಕೊಡಬೇಕ್ರಿ?"

ನಾಸೀರ್ ಹಾರದ ಎಸಳು ಕಿತ್ತ. "ಜಾಗ ಇದ್ರ ತಾನs ಅಕ್ಕ. ಆ ಹುದ್ದೆ ಖಾಲೀನs ಇತ್ತು. ತಪಾಸಣಿಯವ್ರಿಗೆ ಖಾಲಿ ಕಾಣಬಾರ್ದು, ನಿನ್ನ ಹೆಸರು ಬರಿ, ನಾಳೆ ಅಳಸೂನು ಅಂತ ಕಾಕಾಗ ಅಂದ್ರು ಸಾಹೇಬ್ರು. ಯಾರೂ ಅಳಸಲಿಲ್ಲ. ಕಾಕಾ ಕೊನೀತನಕ ದಿನಗೂಲಿ."

"ಮತ್ತ ಐತ್ವಾರ?" ತಿಮ್ಮವ್ವ ಕೂತಲ್ಲಿಂದಲೇ ಕೇಳಿದಳು.

"ಪಾಮನಕಲ್ಲೂರಾಗ ಅಂಗಡಿ ಬೋರ್ಡ್ ಬರೀತಿದ್ದ ಅವ್ವ. ಮ್ಯಾಲಿನ ಎರಡು ಸಾವಿರ ಅಲ್ಲಿಂದನs ಬರ್ತಿದ್ವು. ಸರ್ಕಾರಿ ನೌಕರನ ಕೈಗೆ ಬಣ್ಣ ಯಾಕಂತ ನೀ ಕೇಳ್ತಿ ಅಂತ, ಕಾಲುವ್ಯಾಗ ಸಾಬೂನು ಹಚ್ಚಿ ತಿಕ್ಕಿ ತಿಕ್ಕಿ ತೊಳಕೊಂತಿದ್ದ."

"ಹೊತ್ತಾತು, ಎತ್ತೂನು," ಎಂದ ಕರಿಬಸಯ್ಯ.

ತಿಮ್ಮವ್ವ ತಂಬಿಗೆ ಎತ್ತಿಕೊಂಡಳು. ಗದ್ದದ ಬಟ್ಟೆ ಬಿಚ್ಚಿದಳು. ದವಡೆ ಬಿಗಿದುಹೋಗಿತ್ತು. ಹೆಬ್ಬೆರಳಿನಿಂದ ತುಟಿ ಅಗಲಿಸಿ ನೀರು ಬಿಟ್ಟಳು. ಕಚ್ಚಿದ ಹಲ್ಲಿಗೆ ತಾಗಿದ ನೀರು ಎರಡೂ ಕಡೆ ಹರಿದು, ಕೊರಳಿಗಿಳಿದು, ಎದೆಯ ಮೇಲೆ ಜೋಡಿಸಿಟ್ಟ ಕೈಗಳನ್ನು ತೋಯಿಸಿತು. ಉಗುರಸಂದಿಯ ನೀಲಿ ಬಣ್ಣ ಒದ್ದೆಯಾಗಿ ಹೊಳೆಯಿತು.

ಅವಳು ಮತ್ತೆ ಬಿಟ್ಟಳು.