ಅಂಟದ ಕಾಯಿಲೆ

"ಅಂಟುತ್ತಾ ಡಾಕ್ಟ್ರೇ?"

ಹೊಲಿಗೆಯವಳು ಹಾಗೆ ಕೇಳಿದ್ದು ಅದು ಎರಡನೇ ಸಲ. ಕಾಯಿಲೆಯ ಹೆಸರು ಅವಳ ಕಿವಿಗೆ ಬಿದ್ದು ಜಾರಿಹೋಗಿತ್ತು.

"ಇಲ್ಲಮ್ಮ, ಇದು ಕ್ಷಯ ಅಲ್ಲ. ಸಾರ್ಕಾಯ್ಡೋಸಿಸ್ ಅಂತ. ಬೇಲೀನೇ ಎದ್ದು ಹೊಲ ಮೇಯ್ದ ಹಾಗೆ. ಮೈ ಕಾಯೋ ಕಣಗಳೇ ಗಂಟು ಕಟ್ಕೊಂಡು ಕೂತಿವೆ. ಎದೇಲೂ ಇವೆ, ಮುಖದ ನರಗಳಲ್ಲೂ ಇವೆ."

ಕೆಮ್ಮಿಗೆ ಒಬ್ಬ ವೈದ್ಯರು, ಸೊಟ್ಟಗಾದ ಬಾಯಿಗೆ ಇನ್ನೊಬ್ಬರು ಔಷಧಿ ಕೊಟ್ಟಿದ್ದರು. ಎರಡನ್ನೂ ಒಂದೇ ದಾರಕ್ಕೆ ಪೋಣಿಸಿದವರು ಈ ನರವೈದ್ಯೆ. ಮೊದಲ ಭೇಟಿಯಲ್ಲಿ ಅವರ ಬಿಳಿ ಕೋಟಿನ ಅಂಚು ಬಿಚ್ಚಿಕೊಂಡಿದ್ದನ್ನು ಕಂಡು, ಕೈ ಸುಮ್ಮನಿರದೆ, ಹೊಲಿಗೆಯವಳು ಗುಂಡುಸೂಜಿ ತೆಗೆದು ಎಂದಿನಂತೆ ತುಟಿಯಲ್ಲಿ ಕಚ್ಚಿಕೊಂಡಿದ್ದಳು. ಅದು ಜಾರಿ ಗಲ್ಲಕ್ಕೆ ಚುಚ್ಚಿತು. ರಕ್ತದ ಹನಿ ಮೂಡಿದರೂ ಅವಳಿಗೆ ತಿಳಿಯಲಿಲ್ಲ.

"ಬಾಯಿ ಸೊಟ್ಟಗಾಗೋದು ಒಂದು ನರದಿಂದ. ನೋವು ಗೊತ್ತಾಗದೆ ಇರೋದು ಇನ್ನೊಂದರಿಂದ. ಎರಡೂ ಒಟ್ಟಿಗೆ ಕೆಟ್ಟಿವೆ ಅಂದ್ರೆ ಕೆಮ್ಮಿಗೂ ಅದೇ ಕಾರಣ ಇರಬಹುದು," ಎಂದ ವೈದ್ಯೆ ಅವತ್ತೇ ಎದೆಯ ಚಿತ್ರ ತೆಗೆಸಿ, ಕತ್ತಿನಲ್ಲಿ ಕೈಗೆ ಸಿಕ್ಕ ಗಂಟಿನ ಚೂರನ್ನು ಪರೀಕ್ಷೆಗೆ ಕಳಿಸಿದ್ದರು. ಅದರ ಫಲಿತಾಂಶ ಇವತ್ತು ಬಂದಿತ್ತು.

"ಒಂದೇ ತಟ್ಟೇಲಿ ಉಂಡ್ರೂ ಅಂಟಲ್ವಾ?"

"ಧಾರಾಳವಾಗಿ ಉಣ್ಣಿ. ಮಾತ್ರೆ ಮಾತ್ರ ತಪ್ಪಿಸಬೇಡಿ."

ಕ್ಷಯ ಇರಬಹುದೆಂಬ ಮಾತು ಬಂದಂದಿನಿಂದ ಅವಳ ವಾಸ ಅಣ್ಣನ ಮನೆಯ ಮಹಡಿ ಕೋಣೆಯಲ್ಲಿ. ತಟ್ಟೆ ಮೇಲಿನ ಮೆಟ್ಟಿಲವರೆಗೆ ಬರುತ್ತಿತ್ತು. ಅತ್ತಿಗೆಯ ದನಿ ಅಷ್ಟು ದೂರವೂ ಬರುತ್ತಿರಲಿಲ್ಲ. ಜೊತೆಗೆ ಸದ್ದು ಮಾಡುತ್ತಿದ್ದುದು ಹೊಲಿಗೆ ಯಂತ್ರವೊಂದೇ.

ಮನೆಗೆ ಬಂದವಳು ಹೊಸ್ತಿಲಾಚೆ ನಿಂತೇ ಸುದ್ದಿ ಹೇಳಿದಳು. ಅತ್ತಿಗೆ ಸೌಟು ಹಿಡಿದುಕೊಂಡೇ ಹೊರಗೆ ಬಂದಳು.

"ನಿಜವಾಗ್ಲೂ?"

"ದೇವರಾಣೆ ಅತ್ತಿಗೆ."

"ಅಯ್ಯೋ, ಆ ಡಾಕ್ಟರ ಬಾಯಿಗೆ ಸಕ್ಕರೆ ಹಾಕ! ಬಾ, ಊಟಕ್ಕೆ ಕೂತ್ಕೋ. ನಿನ್ನ ಮೆಟ್ಟಿಲು ಹತ್ತಿ ಹತ್ತಿ ನನ್ನ ಮಂಡಿ ಸವೆದೇಹೋಯ್ತು."

ಅತ್ತಿಗೆ ನಕ್ಕಳು. ಅವಳೂ ನಕ್ಕಳು, ಅರ್ಧ ಬಾಯಲ್ಲಿ. ಒಳಗೆ ಹೋಗಿ, ಊಟದ ಮೇಜಿನಿಂದ ಒಂದು ಕುರ್ಚಿ ಎಳೆದುಕೊಂಡು ಗೋಡೆಗೆ ಒತ್ತಿ ಕೂತಳು.

"ಅಷ್ಟು ದೂರ ಯಾಕೇ? ಮುಂದೆ ಬಾ."

"ಬರ್ತೀನಿ."

ಅಂದಳೇ ಹೊರತು ಕುರ್ಚಿ ಬಿಟ್ಟು ಏಳಲಿಲ್ಲ. ಅಷ್ಟರಲ್ಲಿ ಕೆಮ್ಮು ಬಂತು. ಮುಖವನ್ನು ಗೋಡೆಗೆ ತಿರುಗಿಸಿ, ಬಾಯಿಗೆ ಎರಡೂ ಕೈ ಅಡ್ಡ ಹಿಡಿದಳು.

ಅತ್ತಿಗೆ ಅದನ್ನು ನೋಡಿದಳು. ಮತ್ತೆ ಕರೆಯಲಿಲ್ಲ. ಎರಡು ತಟ್ಟೆಗೆ ಬಡಿಸಿ, ತನ್ನ ಕುರ್ಚಿಯನ್ನೂ ಕರಕರನೆ ಗೋಡೆಯವರೆಗೆ ಎಳೆದುಕೊಂಡು ಬಂದಳು.

ಇಬ್ಬರೂ ತಟ್ಟೆಯನ್ನು ತೊಡೆಯ ಮೇಲಿಟ್ಟುಕೊಂಡು ಉಂಡರು. ನಡುಮನೆಯಲ್ಲಿ ಮೇಜು ಬರಿದಾಗಿ ನಿಂತಿತ್ತು.